ತಿರುವು ಪೆಟ್ಟಿಗೆಯ ಎರಡನೆಯ ಹೊಲಿಗೆ

“ಇನ್ನೊಮ್ಮೆ ತಿರುವಲೇನ್ರಿ ಸಾಹೇಬ್ರ?” ಎಂದು ಪರಪ್ಪ ಕೇಳಿದ.

“ತಿರುವು,” ಎಂದರು ಶಂಕರೆಪ್ಪ.

ಉಗರಗೋಳದ ದೇಸಗತಿ ಮನೆತನದ ವಾಡೆಯ ಪಡಸಾಲೆಯಲ್ಲಿ ಇಪ್ಪತ್ತೆರಡು ವರ್ಷ ಬಾಯಿ ಬಿಡದೆ ಕೂತಿದ್ದ ಪೆಟ್ಟಿಗೆ ಮೊದಲು ಕೆಮ್ಮಿತು, ಆಮೇಲೆ ಮುಲುಗಿತು, ಕೊನೆಗೆ ಒಲ್ಲದ ಮನಸ್ಸಿನಿಂದ ಹಾಡಿತು. ನಾಟಕ ಕಂಪನಿಯವರು ಪರದೆ ಏಳುವ ಮುಂಚೆ ಹಾಕುತ್ತಿದ್ದ ಹಾಡು. ನಾಲ್ಕು ಸ್ವರ ನೆಟ್ಟಗೆ ಬಂದವು, ಐದನೆಯದು ಎಡವಿತು. ಮತ್ತೆ ನಾಲ್ಕು ಬಂದವು, ಮತ್ತೆ ಎಡವಿತು.

ಪರಪ್ಪ ಹಿಡಿಕೆ ಬಿಟ್ಟು ಪೆಟ್ಟಿಗೆಯ ಬೆನ್ನಿಗೆ ಕಿವಿ ಹಚ್ಚಿದ. ಮೂವತ್ತೈದರ ಆಳು, ಬೈಲಹೊಂಗಲದ ಬಜಾರಿನಲ್ಲಿ ಹಾರ್ಮೋನಿಯಂ ರಿಪೇರಿಯ ಅಂಗಡಿ ಇಟ್ಟವನು. ಕಂಪನಿ ಮುಚ್ಚಿದ ಮೇಲೆ ಊರೂರಿಗೆ ಚದುರಿದ ಇಂಥ ಮೂರು ಪೆಟ್ಟಿಗೆಗಳು ಸೌದೆಯಾಗಿ ಒಲೆಗೆ ಹೋಗುವ ಮುಂಚೆ ಒಂದು ಸೂರಿನಡಿ ಕೂಡಿಸಬೇಕು ಎಂಬುದು ಅವನ ಹುಚ್ಚು.

ಶಂಕರೆಪ್ಪನವರದು ಬೇರೆ ಹುಚ್ಚು. ಅವರು ನಿವೃತ್ತ ಪೊಲೀಸ್ ಫೌಜದಾರರು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಇದೇ ವಾಡೆಯಿಂದ ಕಾಣೆಯಾದ, ಸೊಂಟಕ್ಕೆ ಕಟ್ಟುವ ಬಂಗಾರದ ಡಾಬು ಅವರಿಗೆ ಬೇಕು. ಆ ಕಳವಿಗಾಗಿ ಅವರು ಜೈಲಿಗೆ ಕಳಿಸಿದ್ದು ಪರಪ್ಪನ ಅಪ್ಪ ಸತ್ಯಪ್ಪನನ್ನು. ಡಾಬು ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ.

“ಕೇಳಿದ್ರೇನ್ರಿ?” ಎಂದ ಪರಪ್ಪ. “ಒಳಗಿನ ದಿಂಡಿನ ಮೊಳಿ ಮುರದಿದ್ರ ಹಾಡಿನ ಒಂದ ಜಾಗಾದಾಗ ಎಡವಬೇಕು, ಪ್ರತಿ ಸುತ್ತಿಗೂ ಅದ ಜಾಗಾ. ಇದು ಹಂಗಲ್ಲ. ಜೋರ್ ತಿರುವಿದ್ರೂ ಅಷ್ಟ, ಸಾವಕಾಶ ತಿರುವಿದ್ರೂ ಅಷ್ಟ. ತಿದಿ ಕೆಳಗ ಕುಂತಾಗೊಮ್ಮೆ ಎಡವತೈತಿ. ಹಾಡಿಗೆ ಏನೂ ಆಗಿಲ್ರಿ. ಉಸಿರಿಗೆ ಆಗೈತಿ.”

“ಒಳಗ ಇಲಿ ಗೂಡು ಕಟ್ಟಿರಬೇಕು.”

“ಇಲಿ ಗೂಡು ಮೆತ್ತಗ ಇರತೈತ್ರಿ. ಇದು ದಡ್ ಅಂತೈತಿ.”

ಈ ತಿರುವು ಪೆಟ್ಟಿಗೆಯ ಕರಾಮತ್ತು ದೊಡ್ಡದೇನಲ್ಲ. ಒಳಗೊಂದು ಮರದ ದಿಂಡು, ದಿಂಡಿನ ತುಂಬ ಸಾವಿರಾರು ಹಿತ್ತಾಳೆ ಮೊಳೆ. ಹಿಡಿಕೆ ತಿರುವಿದರೆ ದಿಂಡು ತಿರುಗುತ್ತದೆ, ಮೊಳೆಗಳು ಒಂದೊಂದೇ ಕೊಳವೆಯ ಬಾಯಿ ತೆರೆಯುತ್ತವೆ, ಕೆಳಗಿನ ತೊಗಲಿನ ತಿದಿ ಉಬ್ಬಿ ಕುಗ್ಗಿ ಗಾಳಿ ಊದುತ್ತದೆ. ನುಡಿಸುವವನಿಗೆ ಸಂಗೀತ ಬರಬೇಕಿಲ್ಲ, ರಟ್ಟೆಯಲ್ಲಿ ಕಸುವಿದ್ದರೆ ಸಾಕು. ಅಂಥದ್ದನ್ನೂ ನಮ್ಮ ಜನ ಜೋಪಾನ ಮಾಡಲಿಲ್ಲ. ಕಿತ್ತೂರಿನ ಪೆಟ್ಟಿಗೆಯಲ್ಲಿ ಕೋಳಿ ಕಾವಿಗೆ ಕೂತಿತ್ತು. ರಾಮದುರ್ಗದ್ದರಲ್ಲಿ ದಿಂಡಿನ ಮೊಳೆ ಕಿತ್ತು ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದರು. ಕೇಳಲು ಹೋದರೆ ಮಾತ್ರ, ಕೋಳಿ ಸಾಕಿದವನೂ “ನಮ್ಮಪ್ಪನ ನೆನಪ್ರೀ ಅದು, ಕೊಡಾಂಗಿಲ್ಲ” ಎಂದು ಕಣ್ಣೊರೆಸಿಕೊಂಡಿದ್ದ. ತಿಂಗಳುಗಟ್ಟಲೆ ಬೆನ್ನು ಹತ್ತಿ ಪರಪ್ಪ ಅವೆರಡನ್ನೂ ಬಿಡಿಸಿಕೊಂಡು ಬಂದ. ಅವೆರಡರ ಹೊಟ್ಟೆಯಲ್ಲಿ ಧೂಳು ಬಿಟ್ಟರೆ ಏನೂ ಇರಲಿಲ್ಲ. ಉಳಿದದ್ದು ಇದೊಂದೇ.

ಕಂಪನಿಯವರು ಬಿಟ್ಟುಹೋದ ಇದಕ್ಕೆ ಈಗ ಒಡತಿಯಾದ ದೇವಕ್ಕ ಕಂಬದ ಬುಡದ ಲೋಡಿಗೆ ಒರಗಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ, ವಾಡೆಯ ಯಜಮಾನಿ. ಮೂರು ಸಲ ಕೇಳಿದಾಗಲೂ ಒಲ್ಲೆ ಎಂದವಳು ನಾಲ್ಕನೆಯ ಸಲ ಇಷ್ಟಕ್ಕೆ ಒಪ್ಪಿದ್ದಳು: “ರಿಪೇರಿ ಮಾಡಿ ಒಮ್ಮೆ ಹಾಡಸ್ರಿ, ಕೇಳಿ ಹೋಗ್ರಿ. ಮಾರೂ ಮಾತ ಎತ್ತಬ್ಯಾಡ್ರಿ.”

ಶಂಕರೆಪ್ಪ ಕೋಟಿನ ಕಿಸೆಯಿಂದ ಎಲೆಯಡಕೆಯ ಚಂಚಿ ತೆಗೆದರು. ಯೋಚನೆ ಹತ್ತಿದಾಗ ಅದನ್ನು ಕೈಯಲ್ಲಿ ತಿರುವುತ್ತ ಕೂರುವುದು ಅವರ ಹಳೆಯ ಚಟ. ಹೆಂಡತಿ ಕೃಷ್ಣವ್ವ ಹೊಲಿದ ಖಾಕಿ ಚಂಚಿ ಅದು. ಕೆಂಪು ಅಂಚು, ದಾರದ ತುದಿಗೊಂದು ಕವಡೆ. ಅವರ ಮೊದಲ ಯೂನಿಫಾರ್ಮ್ ಹರಿದಾಗ ಪ್ಯಾಂಟಿನ ಎಡಗಾಲಿನಲ್ಲಿ ಗಂಡನಿಗೊಂದು, ಬಲಗಾಲಿನಲ್ಲಿ ತನಗೊಂದು ಹೊಲಿದಿದ್ದಳು. ತನ್ನದನ್ನು ಎಲ್ಲೋ ಕಳೆದುಕೊಂಡಳು. ಗಂಡನದು ಇನ್ನೂ ಗಟ್ಟಿಮುಟ್ಟಾಗಿತ್ತು.

“ಅಡಕಿ ತಗೋ,” ಎಂದು ಪರಪ್ಪನ ಮುಂದೆ ಹಿಡಿದರು. ಬೆಳಗಿನ ಬಸ್ಸು ಹತ್ತಿದಾಗಿನಿಂದ ಇದು ನಾಲ್ಕನೆಯ ಸಲ.

ಅಡಕೆ ಬಾಯಿಗೆ ಹಾಕಿಕೊಂಡು ಪರಪ್ಪ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚತೊಡಗಿದ. ಅವನು ಕೂತದ್ದು ಪಡಸಾಲೆಯ ಕಟ್ಟೆಯ ಕೆಳಗೆ, ಅಂಗಳದಲ್ಲಿ. ದೇವಕ್ಕ ಮೇಲೆ ಬಾ ಎಂದು ಕರೆದರೂ ಬಂದಿರಲಿಲ್ಲ. ಪೆಟ್ಟಿಗೆಯನ್ನೇ ಕಟ್ಟೆಯ ಅಂಚಿಗೆ ಎಳೆಸಿಕೊಂಡಿದ್ದ.

“ನಮ್ಮಪ್ಪ ಕುಂತ ಜಾಗಾ ಇದರಿ ಅವ್ವಾರ,” ಎಂದಿದ್ದ. “ಇಲ್ಲೇ ಕುಂತು ಈ ತಿದಿ ಹೊಲದಾನ. ನಾನೂ ಇಲ್ಲೇ ಕುಂಡ್ರತೇನಿ.”

ಸತ್ಯಪ್ಪ ಸಂಪಗಾಂವದವನು, ತೊಗಲಿನ ಕೆಲಸದಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವನು. ಅವನು ಹೊಲಿದ ತೊಗಲು ದೇವರ ಕೋಣೆಗೆ ಹೋಗಬಹುದಿತ್ತು, ಅವನು ಹೋಗುವಂತಿರಲಿಲ್ಲ. ಆಗ ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಶಂಕರೆಪ್ಪನವರಿಗೂ ಅನ್ನಿಸಿರಲಿಲ್ಲ, ಅದೇ ಈಗ ಅವರ ಎದೆಯೊಳಗೆ ಕುಟುಕುತ್ತಿತ್ತು.

ಆ ವರ್ಷ ನವರಾತ್ರಿಗೆ ಮುಂಚೆ ಕಂಪನಿಯವರು ವಾಡೆಯ ಅಂಗಳದಲ್ಲಿ ಆಟ ಆಡಿದರು. ರಾಣಿಯ ಪಾತ್ರಕ್ಕೆಂದು ದೇವಕ್ಕ ತನ್ನ ಡಾಬು ಕೊಟ್ಟಳು. ಬೆಳಿಗ್ಗೆ ಡಾಬು ಇಲ್ಲ. ಗುಡ್ಡದ ದೇವಿಯ ಜಾತ್ರೆಯ ಬಂದೋಬಸ್ತಿಗೆಂದು ಹೆಂಡತಿಯನ್ನೂ ಕರೆದುಕೊಂಡು ವಾಡೆಯ ಹಿಂದಿನ ಮನೆಯಲ್ಲೇ ಬಿಡಾರ ಮಾಡಿದ್ದ ಫೌಜದಾರ ಶಂಕರೆಪ್ಪ ಕರೆ ಬಂದ ಕೂಡಲೇ ಓಡಿ ಬಂದರು. ಅಷ್ಟರಲ್ಲಿ ದೇವರ ಕೋಣೆಯಲ್ಲಿ ನವರಾತ್ರಿಯ ಘಟ, ದೇವಿಯ ಕಳಶ, ಕೂತಾಗಿತ್ತು. ಕಂಪನಿಯ ಪೆಟ್ಟಿಗೆಗಳನ್ನೂ ಪೂಜೆಗೆಂದು ಘಟದ ಪಕ್ಕದಲ್ಲಿಟ್ಟಿದ್ದರು. ಘಟ ಕೂತ ಮೇಲೆ ಆ ಕೋಣೆಯ ಒಂದು ಕಡ್ಡಿಯನ್ನೂ ಬನ್ನಿ ಮುಡಿಯುವ ದಿನದವರೆಗೆ ಕದಲಿಸಬಾರದು.

“ಆ ಕೋಲಿ ಒಂದ ಬಿಟ್ಟು ಎಲ್ಲಾ ಹುಡಕ್ರಿ,” ಎಂದಿದ್ದಳು ದೇವಕ್ಕ.

ಶಂಕರೆಪ್ಪ ಹಾಗೇ ಮಾಡಿದರು. ಹೊಸ್ತಿಲ ಹೊರಗೆ ನಿಂತು ಘಟಕ್ಕೆ ಕೈಮುಗಿದು, ಅಟ್ಟ, ಕಾಳಿನ ಹಗೇವು, ಕೊಟ್ಟಿಗೆ ಎಲ್ಲ ಜಾಲಾಡಿದರು. ಎಂಟನೆಯ ದಿನ ಮೇಲಿನವರ ಒತ್ತಡ ಜಾಸ್ತಿಯಾಯಿತು. ಆಟದ ದಿನ ವಾಡೆಯಲ್ಲಿ ಕೆಲಸ ಮಾಡಿದ ಹೊರಗಿನವನು ಯಾರು? ಸತ್ಯಪ್ಪ. ಎರಡು ದಿನ ಹವಾಲ್ದಾರನ ಕೈಗೆ ಕೊಟ್ಟರು, ಸತ್ಯಪ್ಪ ಕದ್ದೆ ಎಂದ. ಕದ್ದದ್ದನ್ನು ಎಲ್ಲಿಟ್ಟೆ ಎಂದರೆ ಅವನಿಗೇ ಗೊತ್ತಿರಲಿಲ್ಲ. ಗೊತ್ತಿರಲು ಹೇಗೆ ಸಾಧ್ಯ? ಘಟ ಎದ್ದ ಮೇಲೆ ಪೆಟ್ಟಿಗೆಗಳನ್ನು ಒಮ್ಮೆ ಬಿಚ್ಚಿಸಿ ನೋಡಬಹುದಿತ್ತು. ಆದರೆ ಅಷ್ಟೊತ್ತಿಗೆ ಕಾಗದ ಬರೆದಾಗಿತ್ತು, ಶಹಬ್ಬಾಸ್ ಎನ್ನಿಸಿಕೊಂಡಾಗಿತ್ತು. ಫೌಜದಾರನಾದವನು ತಾನು ಬರೆದದ್ದನ್ನು ತಾನೇ ಹರಿಯಬೇಕೇ?

ಸತ್ಯಪ್ಪ ಮೂರು ವರ್ಷ ಒಳಗಿದ್ದ. ಹೊರಗೆ ಬಂದ ಮೇಲೆ ಅವನಿಗೆ ಯಾರೂ ಒಂದು ಚಪ್ಪಲಿಯನ್ನೂ ಹೊಲಿಯಲು ಕೊಡಲಿಲ್ಲ. ಸತ್ತ. ಅವನ ಹೆಂಡತಿ ಲಗಮವ್ವ ಇನ್ನೂ ಇದ್ದಾಳೆ. ಸಂಪಗಾಂವದಲ್ಲಿ ಇವತ್ತಿಗೂ ಅವಳ ಹೆಸರು ‘ಡಾಬಿನ ಲಗಮವ್ವ’.

ಆರು ತಿಂಗಳ ಹಿಂದೆ ಪರಪ್ಪನ ಅಂಗಡಿಯಲ್ಲಿ ಕೂತು ಶಂಕರೆಪ್ಪ ಒಂದು ಕಾಗದ ಬರೆದುಕೊಟ್ಟಿದ್ದರು. ‘ಸತ್ಯಪ್ಪ ನಿರಪರಾಧಿ, ಅವನನ್ನು ಹಿಡಿದದ್ದು ನನ್ನ ತಪ್ಪು, ಡಾಬು ತೆಗೆದುಕೊಂಡವರು’ ಎಂದು ಬರೆದು ಮುಂದೆ ಒಂದು ಹೆಸರಿನಷ್ಟು ಜಾಗ ಬಿಟ್ಟಿದ್ದರು. ಲಗಮವ್ವ ಬದುಕಿರುವಾಗಲೇ ಅದನ್ನು ಊರ ಚಾವಡಿಯಲ್ಲಿ ಓದಿಸಬೇಕು. ಖಾಲಿ ಜಾಗದ ಕಾಗದವನ್ನು ಊರು ನಂಬುವುದಿಲ್ಲ, ಅದಕ್ಕೆ ಹೆಸರು ಬೇಕು. “ಯಾರ ಹೆಸರ ಬಂದ್ರೂ ಬರೀತೀರೇನ್ರಿ?” ಎಂದು ಪರಪ್ಪ ಕೇಳಿದ್ದ. “ನನ್ನ ಹೊಟ್ಟ್ಯಾಗ ಹುಟ್ಟಿದ ಮಗಾ ಇದ್ರೂ ಬರೀತೇನಿ,” ಎಂದು ಎದೆ ತಟ್ಟಿ ಹೇಳಿದ್ದರು. ಆ ಕಾಗದ ಈಗ ಪರಪ್ಪನ ಹತಾರಗಳ ಚೀಲದಲ್ಲಿತ್ತು.

“ಸಾಹೇಬ್ರ, ಇಲ್ಲಿ ಬರ್ರಿ.”

ಪರಪ್ಪನ ದನಿ ಬದಲಾಗಿತ್ತು. ಶಂಕರೆಪ್ಪ ಕಟ್ಟೆಯ ಮೇಲೆ ಮೊಣಕಾಲೂರಿ ಬಗ್ಗಿದರು. ಹಲಗೆ ತೆಗೆದ ಜಾಗದಲ್ಲಿ ತಿದಿ ಕಾಣುತ್ತಿತ್ತು, ಒಣಗಿ ಸುಕ್ಕಾದ ಕಂದು ತೊಗಲು.

“ಈ ಉದ್ದಾನ ಹೊಲಿಗಿ ನಮ್ಮಪ್ಪಂದು,” ಎಂದು ಪರಪ್ಪ ಬೆರಳಾಡಿಸಿದ. “ಮೇಣಾ ಹಚ್ಚಿದ ದಪ್ಪ ದಾರ, ಎರಡ ಸೂಜಿ, ಆ ಕಡಿಂದೊಂದು ಈ ಕಡಿಂದೊಂದು. ಇಷ್ಟ ವರ್ಷ ಆದ್ರೂ ಕೂದಲಷ್ಟ ಸಡ್ಲಾಗಿಲ್ಲ ನೋಡ್ರಿ.” ಅವನ ಬೆರಳು ಮುಂದೆ ಸರಿಯಿತು. “ಇಲ್ಲಿ ನೋಡ್ರಿ ಈಗ. ಗೇಣುದ್ದ ಅವನ ಹೊಲಿಗೀನ ಯಾರೋ ಬಿಚ್ಯಾರ. ಬಿಚ್ಚಿ ಮತ್ತ ಹೊಲದಾರ. ಇದು ತೊಗಲಿನ ಮಂದಿ ಕೈ ಅಲ್ರಿ.”

“ಮತ್ತ?”

“ಮನ್ಯಾಗ ನಮ್ಮವ್ವ ಹೊಲಿಯೂದು ದಿನಾ ನೋಡತೇನಿ. ಸಾದಾ ನೂಲು, ಸಣ್ಣ ಸೂಜಿ, ಅಕ್ಕಿಕಾಳಿನಷ್ಟ ಸಣ್ಣ ಸಣ್ಣ ಗೆರಿ. ಇದು ಹೊದಕೊಳ್ಳೂ ಕೌದಿ ಹೊಲಿಗಿ. ಹೆಣ್ಣಮಕ್ಕಳ ಕೈ.”

ಶಂಕರೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಸತ್ಯಪ್ಪ ಹೊಲಿದ ಮೇಲೆ ಬಿಚ್ಚಿದ್ದಾರೆ. ಸತ್ಯಪ್ಪ ಹೊಲಿದ ಮರುದಿನವೇ ಪೆಟ್ಟಿಗೆ ದೇವರ ಕೋಣೆಗೆ ಹೋಗಿದೆ. ಅಲ್ಲಿ ಸತ್ಯಪ್ಪ ಕಾಲಿಡುವಂತಿರಲಿಲ್ಲ, ತಾವೂ ಇಡಲಿಲ್ಲ. ಸತ್ಯಪ್ಪನ ಬಿಡುಗಡೆಯ ಕಾಗದ ಇಪ್ಪತ್ತೆರಡು ವರ್ಷದಿಂದ ಈ ತೊಗಲಿನ ಮೇಲೆ ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ಬರೆದಿತ್ತು, ಓದಬೇಕಾದವರು ಹೊಸ್ತಿಲಲ್ಲಿ ಕೈಮುಗಿದು ಹಿಂದಿರುಗಿದ್ದರು.

ಅವರು ದೇವಕ್ಕನ ಕಡೆ ತಿರುಗಿದರು.

“ದೇವಕ್ಕಾರ, ಆ ಒಂಬತ್ತ ದಿನಾ ದೇವರ ಕೋಲ್ಯಾಗ ಯಾರ್ಯಾರ ಹೋಗತಿದ್ರಿ?”

“ಹೆಣ್ಣಮಕ್ಕಳು. ಮುಂಜಾನಿ ದೀಪಕ್ಕ ಎಣ್ಣಿ ಹಾಕಾಕ ನಾನು. ಸಂಜೀಕ ಹಾಡ ಹೇಳಾಕ ಓಣ್ಯಾನವ್ರು.”

“ಮುಂಜಾನಿ ನೀವ ಒಬ್ಬಾಕೀನ.”

“ಹೌದು.”

“ಮೂರ ಸಲಾ ಕೇಳಿದ್ರೂ ಈ ಪೆಟ್ಟಿಗಿ ಮಾರಲಿಲ್ಲ.”

“ಮಾರಲಿಲ್ಲ.” ದೇವಕ್ಕ ನಕ್ಕಳು, ಆ ನಗೆಯಲ್ಲಿ ಸುಖವಿರಲಿಲ್ಲ. “ನನ್ನ ಡಾಬ ನಾನ ಕದ್ನಿ ಅಂತೀರೇನು ಫೌಜದಾರ ಸಾಹೇಬ್ರ? ಅನ್ರಿ. ಒಮ್ಮೆ ಒಬ್ಬ ಇಲ್ಲದವನಿಗೆ ಅಂದೀರಿ, ಈಗ ಇದ್ದಾಕೀಗೆ ಅನ್ರಿ. ಆದರ ನನಗ ಸೂಜ್ಯಾಗ ದಾರ ಏರಿಸಾಕ ಬರಾಂಗಿಲ್ಲ. ಈ ವಾಡೇದ ಕೌದಿ ಎಲ್ಲಾ ಮಂದೀ ಕಡಿಂದ ಹೊಲಿಸಿದ್ವು. ಊರಾಗ ಯಾರನ್ನರ ಕೇಳ್ರಿ.”

ಕೇಳಬೇಕಾಗಿರಲಿಲ್ಲ. ಅವಳು ಒರಗಿದ್ದ ಲೋಡಿನ ಬಾಯಿ ಹರಿದು, ಹತ್ತಿ ಬೀಳದಂತೆ ಅದನ್ನು ಸುತಳಿಯಿಂದ ಬಿಗಿದು ಕಟ್ಟಿದ್ದು ಅವರ ಕಣ್ಣಿಗೇ ಕಾಣುತ್ತಿತ್ತು.

“ಹಂಗಾರ ಯಾಕ ಮಾರವಲ್ರಿ?”

ಅಂಗಳದಲ್ಲಿ ಬಿಸಿಲು ಪರಪ್ಪನ ಬೆನ್ನಿಗೆ ಬಂದಿತ್ತು.

“ಸತ್ಯಪ್ಪ ಸತ್ತ ಸುದ್ದಿ ಬಂದ ವಾರಕ್ಕ ಒಬ್ಬಾಕಿ ಬಂದ್ಳು,” ಎಂದಳು ದೇವಕ್ಕ. “ಇಲ್ಲೇ, ಈ ಕಂಬದ ಬುಡಕ ಕುಂತು ಅತ್ಲು. ಅತ್ತು ಉಡಿ ಒಡ್ಡಿದ್ಳು. ಅಕ್ಕಾ, ನಾ ಇರೋತನಕಾ ಆ ಪೆಟ್ಟಿಗಿ ನಿನ್ನ ಹೊಸ್ತಿಲಾ ದಾಟಬಾರದು, ಇದೊಂದ ನನ್ನ ಉಡ್ಯಾಗ ಹಾಕು ಅಂದ್ಳು. ಯಾಕ ಅಂತ ನಾ ಕೇಳಲಿಲ್ಲ. ಉಡಿ ಒಡ್ಡಿದಾಕೀನ ಬರೀ ಉಡೀಲೆ ಹೆಂಗ ಕಳಸೂದ್ರಿ? ಹೂಂ ಅಂದ್ನಿ.”

“ಕೇಳಲಿಲ್ಲ ಅಂದ್ರ ತಿಳೀಲಿಲ್ಲ ಅಂತಲ್ಲ.”

“ತಿಳೀತು.” ಅವಳ ಕಣ್ಣು ತುಂಬಿದವು. “ತಿಳದೂ ಸುಮ್ಮನ ಕುಂತ್ನಿ. ಸತ್ತಾಂವಂತೂ ಸತ್ತ, ಇದ್ದಾಕೀನ ಯಾಕ ಕೊಲ್ಲಲಿ ಅಂತ. ಲಗಮವ್ವನೂ ಇದ್ದಾಳ ಅನ್ನೂದು ಆವಾಗ ನನ್ನ ತೆಲ್ಯಾಗ ಬರಲಿಲ್ಲ. ಈ ತಮ್ಮ ಮೊದಲನೇ ಸಲಾ ಬಂದು ಅಂಗಳದಾಗ ನಿಂತಾಗ ಬಂತು.”

ಪರಪ್ಪ ತಲೆ ಎತ್ತಲಿಲ್ಲ. ಅವನ ಹೆಬ್ಬೆರಳು ಅಪ್ಪನ ಹೊಲಿಗೆಯ ಮೇಲೆ ಹಾಗೇ ಇತ್ತು.

“ಆಕಿ ಇನ್ನೂ ಇದ್ದಾಳೇನ್ರಿ?” ಎಂದು ಶಂಕರೆಪ್ಪ ಕೇಳಿದರು.

“ಇದ್ದಾಳ.”

“ನನಗ ಗುರ್ತಿನಾಕೀನ?”

ದೇವಕ್ಕ ಅವರ ಮುಖ ನೋಡಿದಳು. ಆಮೇಲೆ ಅವರ ಕೈ ನೋಡಿದಳು.

ಶಂಕರೆಪ್ಪನವರ ಕೈಯಲ್ಲಿ ಚಂಚಿ ತಿರುಗುತ್ತಿತ್ತು. ಹೆಬ್ಬೆರಳು ಅದರ ಅಂಚಿನ ಮೇಲೆ ಅಭ್ಯಾಸದಂತೆ ಓಡುತ್ತಿತ್ತು. ಸಣ್ಣ ಸಣ್ಣ ಗೆರೆ, ಅಕ್ಕಿಕಾಳಿನಷ್ಟು. ಬೆರಳು ನಿಂತಿತು.

ಥೂ, ಹುಚ್ಚು ಎಂದುಕೊಂಡರು. ಈ ಸೀಮೆಯಲ್ಲಿ ಕೌದಿ ಹೊಲಿಯಲು ಬಾರದ ಹೆಂಗಸು ದೇವಕ್ಕನೊಬ್ಬಳೇ. ಉಳಿದವರೆಲ್ಲ ಹೀಗೇ ಹೊಲಿಯುತ್ತಾರೆ. ಅಷ್ಟಾದರೂ ಬೆಳಗಿನ ಮಾತೊಂದು ನೆನಪಾಯಿತು. ರೊಟ್ಟಿ ಕಟ್ಟಿಕೊಡುತ್ತ ಕೃಷ್ಣವ್ವ ಅಂದಿದ್ದಳು: “ಆ ಪೆಟ್ಟಿಗಿ ಬಿಟ್ಟಬಿಡ್ರಿ ಇನ್ನ. ಯಾಕ ಹಳೇದನ್ನ ಕೆದರತೀರಿ?” ತಮ್ಮ ಬ್ಲಡ್ ಪ್ರೆಶರಿನ ಚಿಂತೆ ಅವಳಿಗೆ ಎಂದು ಅವರು ನಕ್ಕು ಬಸ್ಸು ಹತ್ತಿದ್ದರು.

“ಬಿಚ್ಚಲೇನ್ರಿ ಅವ್ವಾರ?” ಪರಪ್ಪ ಕೇಳಿದ್ದು ಸಾಹೇಬರನ್ನಲ್ಲ, ದೇವಕ್ಕನನ್ನು.

“ಪೆಟ್ಟಿಗಿ ಹೊಸ್ತಿಲಾ ದಾಟಬಾರದು ಅಂತ ಮಾತ ಕೊಟ್ಟೇನಿ,” ಎಂದಳು ದೇವಕ್ಕ ನಿಧಾನವಾಗಿ. “ಬಿಚ್ಚಬಾರದು ಅಂತ ಕೊಟ್ಟಿಲ್ಲ. ಬಿಚ್ಚು ತಮ್ಮಾ. ನಿಮ್ಮಪ್ಪನ ಹೊಲಿಗಿ ಮಾತ್ರ ಉಳಸ್ಕೋ.”

“ಅದಕ್ಕ ಕೈ ಹಚ್ಚಾಂಗಿಲ್ರಿ.”

ಪರಪ್ಪ ತೊಗಲು ಕೊಯ್ಯುವ ಸಣ್ಣ ರಂಪಿಗೆಯಿಂದ ಕೌದಿ ಹೊಲಿಗೆಯ ಒಂದೊಂದೇ ಗೆರೆ ಎತ್ತಿ ಕತ್ತರಿಸಿದ. ಅವನಿಗೆ ಅವಸರವಿರಲಿಲ್ಲ. ಅಪ್ಪನ ಕಡೆಯ ಕೆಲಸ ಅದು; ಒಂದು ಎಳೆ ಜಾಸ್ತಿ ಕತ್ತರಿಸಿದರೂ ಮತ್ತೆ ಸಿಗುವುದಿಲ್ಲ. ಗೇಣುದ್ದದ ಬಾಯಿ ತೆರೆಯಿತು. ಎರಡು ಬೆರಳು ಹಾಕಿದ, ಆಮೇಲೆ ಕೈ ಹಾಕಿದ, ಮೊಣಕೈವರೆಗೆ ಹಾಕಿದ.

“ಸಿಕ್ಕತ್ರಿ,” ಎಂದ.

ಶಂಕರೆಪ್ಪನವರಿಗೆ ಒಮ್ಮೆಲೆ ಅನ್ನಿಸಿತು, ಅದು ಸಿಗಬಾರದಿತ್ತು ಎಂದು. ಇಪ್ಪತ್ತೆರಡು ವರ್ಷ ನಿದ್ದೆ ಕೆಡಿಸಿದ ವಸ್ತು ಕೈಗೆ ಬರುವ ಹೊತ್ತಿಗೆ, ಅದು ಅಲ್ಲೇ ಇರಲಿ, ಪೆಟ್ಟಿಗೆ ಎಡವುತ್ತಲೇ ಹಾಡಲಿ ಎಂದು ಮನಸ್ಸು ಬೇಡಿಕೊಂಡಿತು. ತಮ್ಮ ಬಗ್ಗೆ ತಮಗೇ ಹೇಸಿಗೆಯಾಯಿತು.

ಪರಪ್ಪ ಕೈ ಹೊರಗೆಳೆದ. ಕೈಯಲ್ಲಿ ಒಂದು ಗಂಟು. ಧೂಳು ಕೊಡವಿ ಕಟ್ಟೆಯ ಮೇಲಿಟ್ಟ. ಒಂದು ಮೂಲೆ ಸವೆದು ತೂತಾದಲ್ಲಿ ಬಂಗಾರ ಹೊಳೆಯಿತು. ದೇವಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಬಂಗಾರವನ್ನು ಶಂಕರೆಪ್ಪ ನೋಡಲೇ ಇಲ್ಲ. ಅವರು ನೋಡಿದ್ದು ಅದನ್ನು ತುಂಬಿಸಿದ ಚೀಲವನ್ನು. ಖಾಕಿ ಬಟ್ಟೆ, ಬಣ್ಣ ಹಾರಿ ಮಣ್ಣಿನಂತಾಗಿತ್ತು. ಕೆಂಪು ಅಂಚು. ದಾರದ ತುದಿಗೆ ಒಂದು ಕವಡೆ.

ಪರಪ್ಪನೂ ಅದನ್ನೇ ನೋಡುತ್ತಿದ್ದ. ನೋಡಿ, ಸಾಹೇಬರ ಕೈಯಲ್ಲಿದ್ದ ಇನ್ನೊಂದನ್ನು ನೋಡಿದ. ಬೆಳಗಿನಿಂದ ನಾಲ್ಕು ಸಲ ಅಡಕೆ ತೆಗೆದುಕೊಂಡಿದ್ದ ಚಂಚಿ. ಅವನ ದವಡೆ ಅಗಿಯುವುದನ್ನು ನಿಲ್ಲಿಸಿತು. ಅವನು ಪಕ್ಕಕ್ಕೆ ತಿರುಗಿ ಬಾಯಲ್ಲಿದ್ದದ್ದನ್ನು ಉಗುಳಿ ಬಂದ.

“ಕೃಷ್ಣಿ ಹಂಗ್ಯಾಕ ಮಾಡಿದ್ಳೋ ನನಗ ಗೊತ್ತಿಲ್ರಿ,” ಎಂದಳು ದೇವಕ್ಕ. ಮಾತು ಕೊಟ್ಟು ಇಷ್ಟು ವರ್ಷ ನುಂಗಿಟ್ಟುಕೊಂಡ ಹೆಸರು ಅವಳಿಗರಿವಿಲ್ಲದೆ ಬಾಯಿಂದ ಬಿದ್ದಿತ್ತು. “ಒಂದ ದಿನಾನೂ ಅದನ್ನ ಮೈಮ್ಯಾಲೆ ಹಾಕ್ಕೊಳ್ಳಲಿಲ್ಲ, ಮಾರಲಿಲ್ಲ, ತಿರುಗಿ ಒಯ್ಯಲೂ ಇಲ್ಲ. ಅಂದಮ್ಯಾಲೆ ಯಾಕ ತಗೊಂಡ್ಳು? ಅದನ್ನ ನೀವ ಕೇಳಬೇಕ್ರಿ.”

ಶಂಕರೆಪ್ಪ ಕಟ್ಟೆಯ ಮೇಲೆ ಕೂತೇಬಿಟ್ಟರು. ಪಕ್ಕದಲ್ಲಿ ಕೃಷ್ಣವ್ವ ಕಟ್ಟಿದ ರೊಟ್ಟಿಯ ಗಂಟು ಬಿಚ್ಚದೆ ಹಾಗೇ ಇತ್ತು. ಆ ಒಂಬತ್ತು ಸಂಜೆಯೂ ಹಿಂದಿನ ಮನೆಯಿಂದ ಹೂವು ಮುಡಿದು ಘಟದ ಮುಂದೆ ಹಾಡಲು ಹೊರಡುತ್ತಿದ್ದ ಹೆಂಡತಿಯನ್ನು ಬಾಗಿಲಲ್ಲಿ ನಿಂತು ಕಳಿಸುತ್ತಿದ್ದವರು ತಾವೇ. ಒಂದು ಸಂಜೆ ಓಣಿಯವರೆಲ್ಲ ಹೋದ ಮೇಲೂ ಅವಳು ಬಹಳ ಹೊತ್ತು ತಿರುಗಿ ಬಂದಿರಲಿಲ್ಲ. ಸತ್ಯಪ್ಪನನ್ನು ಹಿಡಿದ ದಿನ ಅವಳು ಊಟ ಮಾಡಿರಲಿಲ್ಲ. ಕೇಳಿದ್ದಕ್ಕೆ ಉಪವಾಸ ಎಂದಿದ್ದಳು.

ಪರಪ್ಪ ಹತಾರಗಳ ಚೀಲದಿಂದ ಕಾಗದ ತೆಗೆದ. ಮಡಿಕೆ ಬಿಡಿಸಿ ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟ. ಗಾಳಿಗೆ ಹಾರದಂತೆ ಒಂದು ತುದಿಗೆ ರಂಪಿಗೆ ಇಟ್ಟ, ಇನ್ನೊಂದು ತುದಿಗೆ ಖಾಕಿ ಚಂಚಿಯನ್ನು ಡಾಬಿನ ಸಮೇತ ಇಟ್ಟ.

“ಜಾಗಾ ಖಾಲಿ ಐತ್ರಿ ಸಾಹೇಬ್ರ,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಶಂಕರೆಪ್ಪನವರಿಗೆ ಎಷ್ಟೋ ಹಗುರಾಗುತ್ತಿತ್ತು. “ಸಂಜೀ ಬಸ್ಸಿಗೆ ಹೋದ್ರ ನಮ್ಮವ್ವ ಮಲಗೂದ್ರಾಗ ಊರು ಮುಟ್ಟತೇನಿ.”

ಶಂಕರೆಪ್ಪ ಕಿಸೆಯಿಂದ ಪೆನ್ನು ತೆಗೆದು ಟೊಪ್ಪಿಗೆ ಬಿಚ್ಚಿದರು. ಅಂದು ಸತ್ಯಪ್ಪನ ಹೆಸರು ಬರೆದ ಅದೇ ಕೈಯಿಂದ ಖಾಲಿ ಜಾಗದಲ್ಲಿ ಮೊದಲ ಅಕ್ಷರ ಬರೆದರು: ‘ಕೃ’.